ಮೂಳೆ ಕೂಡಿದ ಮೇಲಿನ ಕೆಲಸ

ಪೆರೇಸಂದ್ರ ರಸ್ತೆಯನ್ನು ನಂಬಿಕೊಂಡು ಬೆಳೆದ ಊರು. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಕಡೆಗೆ ಹೋಗುವ ಹೈದರಾಬಾದ್ ರಸ್ತೆಯಿಂದ ಗುಡಿಬಂಡೆಯ ದಾರಿ ಒಡೆಯುವುದು ಇಲ್ಲಿ. ಆವಲಬೆಟ್ಟಕ್ಕೆ ಹೋಗುವ ಭಕ್ತರು ಇಳಿಯುವುದು, ಸುತ್ತಲಿನ ಹಳ್ಳಿಯವರು ತರಕಾರಿ ಮೂಟೆ ಇಟ್ಟುಕೊಂಡು ಗಾಡಿಗೆ ಕಾಯುವುದು, ಮಕ್ಕಳು ಕಾಲೇಜಿನ ಬಸ್ಸಿಗೆ ನಿಲ್ಲುವುದು ಎಲ್ಲ ಈ ಕ್ರಾಸಿನಲ್ಲೇ. ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುವ 7ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಎಂದು ನಾವು ಪಾಠದಲ್ಲಿ ಓದಿದ ರಸ್ತೆ ಇದೇ. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟಾಗ ಇದು ಶ್ರೀನಗರದಿಂದ ಕನ್ಯಾಕುಮಾರಿವರೆಗಿನ 44ನೇ ಹೆದ್ದಾರಿಯ ಭಾಗವಾಯಿತು. ಎರಡು ಗಾಡಿ ಎದುರುಬದುರಾದರೆ ಒಂದು ಮಣ್ಣಿಗಿಳಿಯಬೇಕಾಗಿದ್ದ ರಸ್ತೆ ನಾಲ್ಕು ಪಥವಾಯಿತು. 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ದಿಕ್ಕಿನ ಓಡಾಟಕ್ಕೆ ಹಗಲು ರಾತ್ರಿ ಎಂಬ ಭೇದವೇ ಉಳಿಯಲಿಲ್ಲ.

ರಸ್ತೆ ಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ರಸ್ತೆ ಮುರಿದ ಕೈಕಾಲುಗಳ ಲೆಕ್ಕ ಮಾತ್ರ ಮನೆಗಳ ಒಳಗೇ ಉಳಿದುಬಿಡುತ್ತದೆ. 2023ರ ಅಕ್ಟೋಬರ್ 26ರ ಬೆಳಗ್ಗೆ, ಮಂಜು ಮುಸುಕಿದ್ದ ಹೊತ್ತಿನಲ್ಲಿ, ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದ ಸುಮೋ ಒಂದು ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ನಿಂತಿದ್ದ ಸಿಮೆಂಟ್ ಟ್ಯಾಂಕರಿಗೆ ಗುದ್ದಿ ಹದಿಮೂರು ಜನ ಸತ್ತರು. ಹಬ್ಬ ಮುಗಿಸಿಕೊಂಡು ಬೆಂಗಳೂರಿನ ಕೂಲಿಗೆ ಮರಳುತ್ತಿದ್ದ ಜನ. ಆ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಈ ರಸ್ತೆಯಲ್ಲಿ ವರ್ಷವಿಡೀ ನಡೆಯುವ ಸಣ್ಣ ದೊಡ್ಡ ಅಪಘಾತಗಳಲ್ಲಿ ಜೀವ ಉಳಿಸಿಕೊಂಡವರು ಆಮೇಲೆ ಏನಾದರು, ಮತ್ತೆ ಹೇಗೆ ಎದ್ದು ನಿಂತರು, ಯಾರು ನಿಲ್ಲಿಸಿದರು ಎಂಬುದು ಯಾವ ಸುದ್ದಿಯಲ್ಲೂ ಬರುವುದಿಲ್ಲ.

ಸಮಾಜ ವಿಜ್ಞಾನದ ಮೇಡಂ ಆಗಿ ಮಕ್ಕಳಿಗೆ ರಾಜರ ಕಥೆ, ಯುದ್ಧದ ಕಥೆ ಹೇಳಿಕೊಂಡು ಬಂದವಳು ನಾನು. ಇದೇ ಹೆದ್ದಾರಿಯಲ್ಲಿ ನಾವು ಕೂತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿ ನನ್ನ ಎಡ ತೊಡೆಯ ಮೂಳೆ ಮುರಿಯಿತು, ಎಡ ಮಣಿಕಟ್ಟೂ ಹೋಯಿತು. ಆಪರೇಷನ್ ಆಗಿ ತೊಡೆಯೊಳಗೆ ರಾಡು ಕೂತಿತು. ಎಕ್ಸ್‌ರೇ ನೋಡಿದವರೆಲ್ಲ ಚೆನ್ನಾಗಿ ಕೂಡಿಕೊಂಡಿದೆ ಎಂದರು. ಆದರೆ ಮಂಡಿ ಮಡಚುತ್ತಿರಲಿಲ್ಲ, ಬೆರಳು ಮುಷ್ಟಿಯಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ನನ್ನನ್ನು ನಡೆಸಿದ್ದು ಫಿಸಿಯೋಥೆರಪಿ. ಅದರ ಟೇಬಲ್ಲಿನ ಮೇಲೆ ಮಲಗಿದ್ದಾಗಲೇ ಈ ವಿದ್ಯೆಗೂ ಒಂದು ಚರಿತ್ರೆ ಇರಬೇಕಲ್ಲ ಅನ್ನಿಸಿತು. ಹುಡುಕುತ್ತಾ ಹೋದಂತೆ ಅದರ ದೊಡ್ಡ ಪಾಲು ನಮ್ಮ ಸುತ್ತಮುತ್ತಲೇ ಸಿಕ್ಕಿತು.

ಮೊದಲು ಹೇಳಬೇಕಾದದ್ದು ಪುತ್ತೂರಿನ ಮಾತು. ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯ ಹತ್ತಿರದ ಪುತ್ತೂರು. ನಮ್ಮ ಕಡೆ ಹಳಬರಿಗೆ ಕಾಲು ಮುರಿಯಿತೆಂದರೆ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಅದು. ಚಿಂತಾಮಣಿ, ಮದನಪಲ್ಲಿ, ತಿರುಪತಿ ಎಂದು ಬಸ್ಸು ಬದಲಾಯಿಸಿಕೊಂಡು, ಮುರಿದ ಕಾಲನ್ನು ಮಡಿಲಲ್ಲಿಟ್ಟುಕೊಂಡು ಜನ ಹೋಗುತ್ತಿದ್ದರು. ಅಲ್ಲಿಯ ರಾಜುಗಳ ಮನೆತನದವರು ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದವರು. ಮನೆತನದ ಹಿರಿಯರೊಬ್ಬರು ಬೇಟೆಯ ಮಾಂಸವನ್ನು ಯಾವುದೋ ಸೊಪ್ಪಿನಲ್ಲಿ ಸುತ್ತಿಟ್ಟು, ಬಿಚ್ಚಿ ನೋಡಿದಾಗ ಮುರಿದ ಮೂಳೆ ಅಂಟಿಕೊಂಡಿತ್ತು, ಹಾಗೆ ಈ ಮದ್ದು ತಿಳಿಯಿತು ಎಂಬ ಕಥೆಯನ್ನು ಹೋಗಿಬಂದವರೆಲ್ಲ ಹೇಳುತ್ತಾರೆ. ಸೊಪ್ಪು ಅರೆದು, ಮೊಟ್ಟೆಯ ಬಿಳಿಯ ಜೊತೆ ಕಲಸಿ ಬಳಿದು, ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿಯುವುದು ಪುತ್ತೂರು ಕಟ್ಟು. ಇವತ್ತಿಗೂ ಬೆಂಗಳೂರಿನವರೆಗೆ ರಸ್ತೆ ಬದಿಯಲ್ಲಿ ಆ ಹೆಸರಿನ ಬೋರ್ಡುಗಳು ಕಾಣುತ್ತವೆ.

ನಮ್ಮ ತಾತ ಹುಣಸೇಮರದಿಂದ ಬಿದ್ದು ಪುತ್ತೂರಿಗೆ ಹೋಗಿ ಬಂದವರು. ಅವರ ಕಾಲು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಆದರೂ ಸಾಯುವವರೆಗೆ ಹೊಲಕ್ಕೆ ಹೋದರು, ಕುಕ್ಕರಗಾಲಲ್ಲಿ ಕೂತು ಕಡಲೆಕಾಯಿ ಕಿತ್ತರು. ಮಗಳಾಗಿ ನಮ್ಮಮ್ಮನಿಗೆ ನೆನಪಿರುವುದು ಕಟ್ಟು ಬಿಚ್ಚಿದ ಮೇಲಿನ ಆರೈಕೆ. ಅಜ್ಜಿ ದಿನಾ ಸಂಜೆ ಹರಳೆಣ್ಣೆ ಬೆಚ್ಚಗೆ ಮಾಡಿ ತೊಡೆಯಿಂದ ಪಾದದವರೆಗೆ ನೀವಿ, ಹಂಡೆಯ ಬಿಸಿನೀರು ಹುಯ್ದು, ಆಮೇಲೆ ಅವರನ್ನು ಎಬ್ಬಿಸಿ ಜಗಲಿಯ ಕಂಬ ಹಿಡಿಸಿ ಕೂರಿಸಿ ಏಳಿಸುತ್ತಿದ್ದರಂತೆ. ಊಟಕ್ಕೆ ಮಂಗರವಳ್ಳಿಯ ಚಟ್ನಿ. ತಾತ ನೋವಿಗೆ ಬೈಯುತ್ತಿದ್ದರು, ಅಜ್ಜಿ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕಟ್ಟಿದವರ ಹೆಸರನ್ನು ಊರೆಲ್ಲ ಹೊಗಳಿತು. ತಾತ ಕುಕ್ಕರಗಾಲಲ್ಲಿ ಕೂರುವಂತಾದದ್ದರಲ್ಲಿ ಅಜ್ಜಿಯ ಕೈಯೂ ಇತ್ತು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಕಟ್ಟಿನ ವಿದ್ಯೆಯ ಇನ್ನೊಂದು ಮುಖವನ್ನೂ ಹೇಳದೆ ಬಿಡುವುದು ತಪ್ಪು. ಬಿಗಿ ಹೆಚ್ಚಾದರೆ ರಕ್ತ ಓಡಾಡುವುದು ನಿಂತು, ಮಾಂಸಖಂಡ ಸತ್ತು, ಬೆರಳುಗಳು ಹದ್ದಿನ ಉಗುರಿನಂತೆ ಒಳಕ್ಕೆ ಮುದುಡಿಕೊಂಡುಬಿಡುತ್ತವೆ. ರಿಚರ್ಡ್ ಫಾನ್ ಫೋಲ್ಕ್‌ಮನ್ ಎಂಬ ಜರ್ಮನ್ ಸರ್ಜನ್ 1881ರಲ್ಲಿ ಇದನ್ನು ಬಿಗಿ ಕಟ್ಟಿನಿಂದಾಗುವ ಊನ ಎಂದು ವಿವರಿಸಿದ. ಅಂಥ ಕೈಗಳನ್ನು ನಮ್ಮ ಹಳ್ಳಿಗಳಲ್ಲಿ ನಾನೇ ನೋಡಿದ್ದೇನೆ. ಕಟ್ಟು ಕಟ್ಟಿದ ಮೇಲೆ ಬೆರಳ ತುದಿ ತಣ್ಣಗಾದರೆ, ಬಣ್ಣ ತಿರುಗಿದರೆ, ಜೋಮು ಹಿಡಿದರೆ, ನೋವು ತಡೆಯಲಾರದಷ್ಟು ಏರಿದರೆ ಒಂದು ಗಳಿಗೆಯೂ ಕಾಯದೆ ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು. ಈ ತಿಳಿವಳಿಕೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತಕ್ಕೆಂದೇ ಅಧ್ಯಾಯಗಳಿವೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ಅಲ್ಲಿ ವಿಂಗಡಿಸಿದ್ದಾರೆ. ಅತ್ತಿ, ಅರಳಿ, ಆಲ, ಮುತ್ತುಗದ ತೊಗಟೆ ಮತ್ತು ಬಿದಿರನ್ನು ದಬ್ಬೆಗೆ ಹೇಳಿದ್ದಾರೆ. ಕಟ್ಟು ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಬಾವು, ನೋವು, ಕೀವು ಬರುತ್ತದೆ ಎಂದು ಎಚ್ಚರಿಸಿದ್ದಾರೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಹದವಾದ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬದಲಿಸಬೇಕು ಎಂಬ ಲೆಕ್ಕವನ್ನೂ ಕೊಟ್ಟಿದ್ದಾರೆ.

ನನಗೆ ಮೈ ಜುಮ್ಮೆಂದದ್ದು ಅದೇ ಅಧ್ಯಾಯದ ಇನ್ನೊಂದು ಮಾತಿಗೆ. ಅಂಗೈ ಮುರಿದು ಕೂಡಿದ ಮೇಲೆ ರೋಗಿಯ ಕೈಯಲ್ಲಿ ಮೊದಲು ಮಣ್ಣಿನ ಉಂಡೆಯಂಥ ಮೆತ್ತನೆಯದನ್ನು ಹಿಡಿಸಬೇಕು, ಬಲ ಬಂದಂತೆ ಕಲ್ಲು ಹಿಡಿಸಬೇಕು ಎನ್ನುತ್ತದೆ ಅದು. ಮಣಿಕಟ್ಟಿನ ಪಟ್ಟಿ ಬಿಚ್ಚಿದ ಮೇಲೆ ನನಗೂ ಮಾಡಿಸಿದ್ದು ಇದನ್ನೇ. ಮೊದಲು ಬಿಸಿ ಮೇಣದಲ್ಲಿ ಕೈ ಅದ್ದಿ ತೆಗೆದು, ಮೇಣ ಗಟ್ಟಿಯಾಗುವವರೆಗೆ ಟವೆಲ್ಲಿನಲ್ಲಿ ಸುತ್ತಿಟ್ಟು, ಆಮೇಲೆ ಆ ಮೇಣದ ಉಂಡೆಯನ್ನೇ ಹಿಸುಕುವುದು. ಅದು ಸಲೀಸಾದ ಮೇಲೆ ಸ್ಪಂಜಿನ ಚೆಂಡು, ಆಮೇಲೆ ಗಟ್ಟಿ ರಬ್ಬರ್ ಚೆಂಡು, ಕೊನೆಗೆ ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು. 1945ರಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್, ಗಾಯಗೊಂಡ ಸೈನಿಕರಿಗೆ ಭಾರವನ್ನು ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಶಾಸ್ತ್ರವಾಗಿ ಬರೆದ. ಇಂದಿನ ಫಿಸಿಯೋಥೆರಪಿ ತರಗತಿಗಳಲ್ಲಿ ಅವನ ಹೆಸರಿನಲ್ಲೇ ಅದನ್ನು ಕಲಿಸುತ್ತಾರೆ. ಬೇರೆ ಕಾಲ, ಬೇರೆ ದೇಶ. ಆದರೂ ಇಬ್ಬರೂ ಕಂಡುಕೊಂಡದ್ದು ಒಂದೇ: ಅಂಗಕ್ಕೆ ಬಲ ತಾನಾಗಿ ಮರಳುವುದಿಲ್ಲ, ಅಳತೆಯಲ್ಲಿ ಕೆಲಸ ಕೊಟ್ಟು ಮರಳಿಸಬೇಕು.

ನಡುವೆ ಒಂದು ದೀರ್ಘ ಕಾಲ ವೈದ್ಯಲೋಕ ಈ ಮಾತನ್ನು ಬದಿಗಿಟ್ಟಿತ್ತು. 1850ರ ಆಸುಪಾಸಿನಲ್ಲಿ ಆಂಟೋನಿಯಸ್ ಮಥೈಸನ್ ಎಂಬ ಡಚ್ ಸೈನ್ಯದ ಸರ್ಜನ್ ಬಟ್ಟೆಗೆ ಪ್ಲಾಸ್ಟರ್ ಪುಡಿ ತಿಕ್ಕಿ, ನೀರಲ್ಲಿ ಅದ್ದಿ ಸುತ್ತುವ ಪಟ್ಟಿಯನ್ನು ಬಳಕೆಗೆ ತಂದ. ಅದು ದೊಡ್ಡ ಉಪಕಾರ. ಆದರೆ ತಿಂಗಳುಗಟ್ಟಲೆ ಪ್ಲಾಸ್ಟರಿನೊಳಗೆ ಕೂತ ಕಾಲು ಹೊರಬಂದಾಗ ತೊಡೆ ಸೊರಗಿರುತ್ತಿತ್ತು, ಮಂಡಿ ಬಿಗಿದಿರುತ್ತಿತ್ತು. ಮೂಳೆ ಗೆದ್ದಿತು, ಕಾಲು ಸೋತಿತು ಎಂಬ ಸ್ಥಿತಿ. 1940ರ ಹೊತ್ತಿಗೆ ಜರ್ಮನಿಯ ಗೆರ್ಹಾರ್ಡ್ ಕ್ಯುಂಚರ್ ತೊಡೆಮೂಳೆಯ ಟೊಳ್ಳಿನೊಳಗೆ ಉದ್ದನೆಯ ಲೋಹದ ಮೊಳೆ ಕೂರಿಸಿ ತೋರಿಸಿದ. ನನ್ನ ತೊಡೆಯಲ್ಲಿರುವ ರಾಡು ಅದರ ಮೊಮ್ಮಗ. 1958ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸರ್ಜನ್ನರ ಒಂದು ಗುಂಪು ಸಂಘ ಕಟ್ಟಿಕೊಂಡು, ಪ್ಲೇಟು, ಸ್ಕ್ರೂಗಳಿಂದ ಮೂಳೆಯನ್ನು ಭದ್ರಪಡಿಸುವ ಕ್ರಮವನ್ನು ಲೋಕಕ್ಕೆಲ್ಲ ಹರಡಿತು. ಅವರು ಹಾಕಿಕೊಂಡ ಗುರಿಗಳಲ್ಲಿ ಮುಖ್ಯವಾದದ್ದು, ಆಪರೇಷನ್ ಆದ ಕೂಡಲೇ ಅಕ್ಕಪಕ್ಕದ ಕೀಲುಗಳನ್ನು ಆಡಿಸಲು ಶುರು ಮಾಡುವುದು. ರಾಡು, ಪ್ಲೇಟು ಹಾಕುವುದೇ ಬೇಗ ಆಡಿಸಲಿ ಎಂದು. ನಮ್ಮ ಕಡೆಯ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಒಳಗೆ ರಾಡು ಇದೆ, ಅಲುಗಾಡಬೇಡ ಎಂದು ಮನೆಯವರೆಲ್ಲ ಸೇರಿ ರೋಗಿಯನ್ನು ಮಂಚಕ್ಕೆ ಕಟ್ಟಿಹಾಕಿದಂತೆ ಮಾಡುತ್ತಾರೆ. ನನ್ನ ಪಕ್ಕದ ಟೇಬಲ್ಲಿಗೆ ಬರುತ್ತಿದ್ದ ಶಿಡ್ಲಘಟ್ಟದ ರೀಲರ್ ಒಬ್ಬರು ಹಾಗೆಯೇ ಮಲಗಿದ್ದು, ಮಂಡಿ ಪೂರ್ತಿ ಬಿಗಿದ ಮೇಲೆ ಬಂದಿದ್ದರು. ಬಿಸಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಮತ್ತೆ ಕೂರಬೇಕು ಎಂಬುದೊಂದೇ ಅವರ ಹಟ.

ವ್ಯಾಯಾಮವನ್ನೇ ಚಿಕಿತ್ಸೆಯಾಗಿ ಕಟ್ಟಿ ಬೆಳೆಸಿದವರ ಸಾಲೂ ದೊಡ್ಡದು. 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ತೆರೆದ. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ಹೆಣ್ಣುಮಕ್ಕಳು, ನರ್ಸಿಂಗ್ ಕಲಿತವರು, ಮೈನೀವುವ ವೃತ್ತಿಗೆ ಶಿಸ್ತು ಮತ್ತು ಮರ್ಯಾದೆ ತರಬೇಕೆಂದು ಸಂಘ ಕಟ್ಟಿದರು. ಆ ಕಾಲದಲ್ಲಿ ಮಸಾಜ್ ಎಂದರೆ ಕೆಟ್ಟ ಹೆಸರಿತ್ತು. ಪರೀಕ್ಷೆ, ಪ್ರಮಾಣಪತ್ರ, ವೈದ್ಯರ ಚೀಟಿ ಇಲ್ಲದೆ ರೋಗಿಯನ್ನು ಮುಟ್ಟಬಾರದೆಂಬ ಕಟ್ಟುನಿಟ್ಟು ಇವುಗಳಿಂದ ಅವರು ಅದನ್ನು ತೊಳೆದರು. 1920ರಲ್ಲಿ ಸಂಘಕ್ಕೆ ರಾಜಮನ್ನಣೆ ಸಿಕ್ಕಿತು. ಎರಡು ಮಹಾಯುದ್ಧಗಳಲ್ಲಿ ಕೈಕಾಲು ಕಳೆದುಕೊಂಡವರನ್ನು ಮತ್ತೆ ನಿಲ್ಲಿಸುವ ಕೆಲಸ ಈ ವೃತ್ತಿಯನ್ನು ಬೆಳೆಸಿತು.

ಭಾರತಕ್ಕೆ ಅದನ್ನು ಕರೆತಂದದ್ದು ಪೋಲಿಯೊ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಾವಳಿಯಾಗಿ ಮಕ್ಕಳ ಕಾಲು ಸೊರಗಿದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1950ರ ದಶಕದ ಆರಂಭದಲ್ಲಿ ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು. ನನ್ನ ಓರಗೆಯವರ ತರಗತಿಗಳಲ್ಲಿ ಪೋಲಿಯೊದಿಂದ ಕಾಲೆಳೆದು ನಡೆಯುವ ಒಬ್ಬರೋ ಇಬ್ಬರೋ ಇರುತ್ತಿದ್ದರು. ನಾನು ಪಾಠ ಹೇಳಿದ ಕೊನೆಯ ವರ್ಷಗಳ ಮಕ್ಕಳಲ್ಲಿ ಅಂಥವರು ಇರಲಿಲ್ಲ. 2014ರಲ್ಲಿ ದೇಶ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಆ ರೋಗಕ್ಕಾಗಿ ಬಂದ ವಿದ್ಯೆಯ ಟೇಬಲ್ಲುಗಳ ಮೇಲೆ ಈಗ ರಸ್ತೆಯಲ್ಲಿ ಬಿದ್ದವರು ಮಲಗಿದ್ದಾರೆ.

ನಮ್ಮ ಕೋಲಾರ ಸೀಮೆಯವರು ಯಾವ ದೊಡ್ಡ ಕಾಯಿಲೆಗೂ ಓಡುತ್ತಿದ್ದ ಇನ್ನೊಂದು ಊರು ವೇಲೂರು. ಅಲ್ಲಿಯ ಸಿ.ಎಂ.ಸಿ. ಆಸ್ಪತ್ರೆಯ ಡಾಕ್ಟರ್ ಮೇರಿ ವರ್ಗೀಸ್ ಅವರ ಬದುಕು ಈ ಚರಿತ್ರೆಯ ನಡುಗಂಬ ಎಂದು ನಾನು ನಂಬಿದ್ದೇನೆ. 1925ರಲ್ಲಿ ಕೇರಳದಲ್ಲಿ ಹುಟ್ಟಿದವರು. 1954ರ ಜನವರಿಯಲ್ಲಿ ಜೊತೆಯ ವೈದ್ಯರೊಂದಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಸೊಂಟದಿಂದ ಕೆಳಗೆ ಮತ್ತೆಂದೂ ಸ್ವಾಧೀನ ಬರಲಿಲ್ಲ. ಇನ್ನೂ ಮೂವತ್ತು ತುಂಬದ ಹೆಣ್ಣುಮಗಳು. ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಆಪರೇಷನ್ನಿನಿಂದ ಬಿಡಿಸುವ ಕೆಲಸವನ್ನು ಅಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ನಡೆಸುತ್ತಿದ್ದರು. ಕೂತುಕೊಂಡೇ ಮಾಡಬಹುದಾದ ಆಪರೇಷನ್ ಅದು. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತು ಅದನ್ನು ಕಲಿತರು, ಮಾಡಿದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಾವೇ ರೋಗಿಯಾಗಿ ತರಬೇತಿ ಪಡೆದು, ನ್ಯೂಯಾರ್ಕಿನಲ್ಲಿ ಡಾಕ್ಟರ್ ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯವನ್ನು ಓದಿ ವೇಲೂರಿಗೆ ಮರಳಿದರು. 1966ರಲ್ಲಿ ಅವರ ಮುಂದಾಳತ್ವದಲ್ಲಿ, ರೋಗಿಗಳು ಉಳಿದುಕೊಂಡು ಮತ್ತೆ ಬದುಕು ಕಲಿಯುವ ಪುನಶ್ಚೇತನ ಕೇಂದ್ರ ಅಲ್ಲಿ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು.

ಪಾಲ್ ಬ್ರಾಂಡ್ ಅವರ ಆ ಕೆಲಸದಲ್ಲಿ ನಾವು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಕೈಯ ಆರೋಗ್ಯವಂತ ಸ್ನಾಯುರಜ್ಜು ಒಂದನ್ನು ಬೇರೆ ಜಾಗಕ್ಕೆ ತಿರುಗಿಸಿ ಹೊಲಿದರೆ, ಆ ಸ್ನಾಯುವಿಗೆ ತನ್ನ ಹೊಸ ಕೆಲಸ ಗೊತ್ತಿರುವುದಿಲ್ಲ. ಹಳೆಯ ಕೆಲಸಕ್ಕೆಂದು ಎಳೆದರೆ ಹೊಸ ಬೆರಳು ಅಲುಗುತ್ತದೆ. ರೋಗಿಯ ಪಕ್ಕ ದಿನವೂ ಕೂತು ಅದನ್ನು ಕಲಿಸಬೇಕಾದವರು ಫಿಸಿಯೋಥೆರಪಿಸ್ಟರು. ಅವರಿಲ್ಲದಿದ್ದರೆ ಎಷ್ಟೇ ಅಂದವಾದ ಆಪರೇಷನ್ನೂ ಕೈಗೆ ಬಾರದೆ ಹೋಗುತ್ತಿತ್ತು. ಸರ್ಜನ್ನರ ಹೆಸರು ಪುಸ್ತಕ ಸೇರುತ್ತದೆ. ಪಕ್ಕ ಕೂತವರ ಹೆಸರು ಸೇರುವುದಿಲ್ಲ. ಜಗಲಿಯ ಕಂಬ ಹಿಡಿಸಿದ ನಮ್ಮಜ್ಜಿಯಿಂದ ಹಿಡಿದು ಇದೇ ಕಥೆ.

ಹಳೆಯ ಕೋಲಾರ ಜಿಲ್ಲೆ ಈ ವಿದ್ಯೆಗೆ ಇಬ್ಬರನ್ನು ಕೊಟ್ಟಿದೆ. 2007ರವರೆಗೆ ಪೆರೇಸಂದ್ರವೂ ಅದೇ ಜಿಲ್ಲೆಯಲ್ಲಿತ್ತು, ಹಾಗಾಗಿ ಅವರನ್ನು ನಮ್ಮವರೆನ್ನಲು ನನಗೆ ಹಕ್ಕಿದೆ. ಮೊದಲನೆಯವರು ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಬರೆದ ಕಾದಂಬರಿಕಾರರಾಗಿ ಕನ್ನಡಿಗರಿಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ, ಗರಡಿಯ ಸಾಮು, ಸೂರ್ಯನಮಸ್ಕಾರ, ಪಶ್ಚಿಮದ ಭಾರ ಎತ್ತುವಿಕೆ ಮೂರನ್ನೂ ಬೆರೆಸಿ ದೇಹ ಕಟ್ಟುವುದನ್ನು ಕಲಿಸಿದವರು ಅವರು. ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ವ್ಯಾಯಾಮ ಹೇಳಿಕೊಟ್ಟರು.

ಎರಡನೆಯವರು ಕೋಲಾರದ ನರಸಾಪುರದ ಹತ್ತಿರ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಪುಣೆಯಲ್ಲಿ ನೆಲೆಸಿ ಲೋಕಕ್ಕೆಲ್ಲ ಯೋಗ ಕಲಿಸಿದವರು. ಅರವತ್ತು ದಾಟಿದ ಮೇಲೆ, 1979ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಎರಡು ಸಲ ಸ್ಕೂಟರ್ ಅಪಘಾತವಾಗಿ ಅವರ ಬೆನ್ನು, ಭುಜ, ಮಂಡಿಗಳಿಗೆ ಪೆಟ್ಟಾಯಿತು. ಸಲೀಸಾಗಿ ಹಾಕುತ್ತಿದ್ದ ಆಸನಗಳು ಕೈಬಿಟ್ಟುಹೋದವು. ಅವರು ಮತ್ತೆ ಮೊದಲನೆಯ ಪಾಠದಿಂದ ಶುರು ಮಾಡಿದರು. ಗೋಡೆಗೆ ಕಟ್ಟಿದ ಹಗ್ಗ, ಮರದ ಇಟ್ಟಿಗೆ, ಕುರ್ಚಿ, ಪಟ್ಟಿ, ದಿಂಬು ಇವುಗಳ ಆಸರೆಯಲ್ಲಿ ವರ್ಷಗಟ್ಟಲೆ ದುಡಿದು ದೇಹವನ್ನು ಮರಳಿ ಪಡೆದರು. ರೋಗಿಗಳಿಗೆಂದು ತಾವೇ ರೂಪಿಸಿದ್ದ ಸಲಕರಣೆಗಳು ಅವರಿಗೇ ಆಸರೆಯಾದವು. ಫಿಸಿಯೋಥೆರಪಿಯ ಕೋಣೆಗೂ ಯೋಗಶಾಲೆಗೂ ಬೇರೆ ಬೇರೆ ಓದು, ಬೇರೆ ಬೇರೆ ಲೆಕ್ಕ. ಮುರಿದ ಮೂಳೆ, ಆಪರೇಷನ್ ಆದ ಕೀಲು ಇರುವವರು ವೈದ್ಯರನ್ನು ಕೇಳದೆ ಆಸನಕ್ಕೆ ಇಳಿಯಬಾರದು. ಆದರೆ ನೊಂದ ದೇಹಕ್ಕೆ ಆಸರೆ ಕೊಟ್ಟು, ಆಸರೆಯನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಹೋಗುವ ನೀತಿ ಎರಡರಲ್ಲೂ ಒಂದೇ.

ಆ ನೀತಿಯನ್ನು ಹತ್ತಿರದಿಂದ ನೋಡಬೇಕೆಂದರೆ ನಾನು ಹೋಗುತ್ತಿದ್ದ ಚಿಕ್ಕಬಳ್ಳಾಪುರದ ಕೋಣೆಗೆ ಬನ್ನಿ. ಒಂದು ಕಡೆ ಎರಡು ಉದ್ದನೆಯ ಕಂಬಿಗಳು, ಅವುಗಳ ನಡುವೆ ನಡೆಯುವುದು. ಗೋಡೆಯ ಮೇಲೆ ಬೆರಳಿನಿಂದ ಹತ್ತಿಸುವ ಮರದ ಏಣಿ. ಮೂಲೆಯಲ್ಲಿ ಮೇಣದ ಪೆಟ್ಟಿಗೆ. ಫಿಸಿಯೋ ಮೇಡಂ ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳಿಗಿಂತ ಹೆಚ್ಚು ದೊಡ್ಡವರೇನಲ್ಲ. ಅವರ ಕೈಯಲ್ಲಿ ಎರಡು ತೋಳಿನ ಪಾರದರ್ಶಕ ಅಳತೆಪಟ್ಟಿ, ಗೋನಿಯೋಮೀಟರ್. ಒಂದು ತೋಳನ್ನು ತೊಡೆಯ ಗೆರೆಗೆ, ಇನ್ನೊಂದನ್ನು ಕಾಲಿನ ಗೆರೆಗೆ ಹಿಡಿದು, ಮಂಡಿ ಎಷ್ಟು ಡಿಗ್ರಿ ಮಡಚಿತು ಎಂದು ಓದಿ ಹಾಳೆಯಲ್ಲಿ ಬರೆಯುತ್ತಾರೆ. ಮೊದಲು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿಸುವುದು, ಸೊರಗಿದ ತೊಡೆಯ ಸ್ನಾಯು ಎಚ್ಚರಗೊಳ್ಳಲಿ ಎಂದು. ಆಮೇಲೆ ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸುತ್ತ ಒಳಕ್ಕೆ ತರುವುದು. ಮಣಿಕಟ್ಟು ಊರುವ ಹಾಗಿಲ್ಲವೆಂದು ವಾಕರಿಗೆ ಮೊಣಕೈ ಊರುವ ಪಟ್ಟಿ ಹಾಕಿಸಿದ್ದರು. ಅದರ ಮೇಲೆ ಭಾರ ಬಿಟ್ಟು ಮೊದಲ ಹೆಜ್ಜೆ ಇಟ್ಟದ್ದು. ಪಕ್ಕದ ಟೇಬಲ್ಲಿನ ಅಜ್ಜಿಗೆ ಮೇಡಂ ಹೇಳುತ್ತಿದ್ದ ಮಾತು ತೆಲುಗಿನಲ್ಲಿ: “ವಂಚಮ್ಮಾ, ಇಂಕಾ ಕೊಂಚೆಂ.” ಬಗ್ಗಿಸಮ್ಮ, ಇನ್ನೂ ಸ್ವಲ್ಪ. ನನ್ನ ಕಡೆ ತಿರುಗಿದರೆ ಕನ್ನಡ: “ಮೇಡಂ, ನಿಮ್ಮ ಮಕ್ಕಳಿಗೆ ಹೋಮ್‌ವರ್ಕ್ ಕೊಡ್ತಿದ್ರಲ್ಲ, ಈಗ ನಿಮ್ಮದು ತೋರಿಸಿ.”

ಡಿಗ್ರಿಯ ಈ ಲೆಕ್ಕದಲ್ಲಿ ನಮ್ಮ ಬದುಕಿನ ಪ್ರಶ್ನೆಯೇ ಅಡಗಿದೆ. ಕುರ್ಚಿ, ಮೇಜು, ಕಮೋಡಿನಲ್ಲಿ ಬದುಕು ಸಾಗುವವರಿಗೆ ಮಂಡಿ ತೊಂಬತ್ತು ದಾಟಿ ಇನ್ನಷ್ಟು ಮಡಚಿದರೆ ದಿನ ಕಳೆಯುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ, ಹಿಪ್ಪುನೇರಳೆ ಸೊಪ್ಪು ಕೊಯ್ಯುವ, ಹಸು ಕರೆಯುವ, ಹಳ್ಳಿಯ ಕಕ್ಕಸು ಬಳಸುವ ಜನಕ್ಕೆ ಅದು ಸಾಲದು. ನಡೆಯುತ್ತೀರಲ್ಲ, ಇನ್ನು ಬರಬೇಕಾಗಿಲ್ಲ ಎಂದು ಬಿಟ್ಟುಬಿಟ್ಟರೆ ಅರ್ಧ ದಾರಿಯಲ್ಲಿ ಕೈಬಿಟ್ಟಂತೆ. ಒಳ್ಳೆಯ ಫಿಸಿಯೋಥೆರಪಿಸ್ಟ್ ಮೊದಲು ಕೇಳುವ ಪ್ರಶ್ನೆ, ಮನೆಯಲ್ಲಿ ನೀವು ಏನೇನು ಕೆಲಸ ಮಾಡುತ್ತೀರಿ ಎಂಬುದು. ನಮ್ಮ ಮೇಡಂ ಅದನ್ನು ಕೇಳಿದರು. ಆಪರೇಷನ್ ಆದ ಜಾಗದಲ್ಲಿ ಕೇಳಿರಲಿಲ್ಲ. ಬಿಡುಗಡೆಯ ಹಾಳೆಯಲ್ಲಿ ವ್ಯಾಯಾಮ ಮಾಡಿ ಎಂಬ ಒಂದು ಸಾಲಿತ್ತು. ಯಾವ ವ್ಯಾಯಾಮ, ಎಷ್ಟು, ಹೇಗೆ ಎಂದು ತೋರಿಸಿಕೊಟ್ಟವರು ಯಾರೂ ಇರಲಿಲ್ಲ.

ರಸ್ತೆಯಲ್ಲಿ ಬಿದ್ದವರಿಗಾಗಿ ಸರ್ಕಾರ ಏನೂ ಮಾಡಿಲ್ಲವೆಂದು ಹೇ‍ಳುವುದು ಅನ್ಯಾಯವಾದೀತು. 2008ರ ನವೆಂಬರಿನಿಂದ 108 ಆಂಬ್ಯುಲೆನ್ಸ್ ಓಡುತ್ತಿದೆ. ನೆಲಮಂಗಲದ ಬಳಿ ಅಪಘಾತದಲ್ಲಿ ದೇಹ ತುಂಡಾಗಿಯೂ ಕಣ್ಣು ದಾನ ಮಾಡಿ ಎಂದು ಹೇಳಿ ಪ್ರಾಣಬಿಟ್ಟ ಹರೀಶ್ ಅವರ ಹೆಸರಿನಲ್ಲಿ 2016ರಲ್ಲಿ ಬಂದ ಮುಖ್ಯಮಂತ್ರಿಗಳ ಸಾಂತ್ವನ ಯೋಜನೆ, ರಸ್ತೆ ಅಪಘಾತದ ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸುವ ಏರ್ಪಾಡನ್ನು ತಂದಿತು. 2021ರ ಕೇಂದ್ರ ಕಾಯ್ದೆಯಲ್ಲಿ ಫಿಸಿಯೋಥೆರಪಿಗೆ ಆರೋಗ್ಯ ವೃತ್ತಿಯ ಮಾನ್ಯತೆ ಸಿಕ್ಕಿದೆ. ಆ 48 ಗಂಟೆ ಜೀವ ಉಳಿಸುತ್ತದೆ. ಜೀವನ ಉಳಿಸುವ ಕೆಲಸ ಅದರಾಚೆ ತಿಂಗಳುಗಟ್ಟಲೆ ಇದೆ. ದಿನಗೂಲಿಯ ಹೆಣ್ಣುಮಗಳೊಬ್ಬಳು ಮಂಡಿಕಲ್ಲಿನ ಕಡೆಯ ಹಳ್ಳಿಯಿಂದ ಪೆರೇಸಂದ್ರಕ್ಕೆ ಬಂದು, ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ವಾರಕ್ಕೆ ಮೂರು ಸಲ ಹೋಗಬೇಕೆಂದರೆ ಅವಳ ಕೂಲಿ ಹೋಗುತ್ತದೆ, ಜೊತೆಗೆ ಬರುವ ಗಂಡನದೋ ಮಗನದೋ ಕೂಲಿಯೂ ಹೋಗುತ್ತದೆ. ಎರಡು ವಾರಕ್ಕೆ ನಿಲ್ಲಿಸುತ್ತಾಳೆ. ಕುಂಟು ಖಾಯಂ ಆಗುತ್ತದೆ. ಸೋಮಾರಿತನಕ್ಕೆ ಬಿಟ್ಟಳು ಎಂದು ಜನ ಆಡಿಕೊಳ್ಳುತ್ತಾರೆ. ಅವಳು ಬಿಟ್ಟದ್ದು ದೂರಕ್ಕೆ.

ಅದಕ್ಕೇ ನನ್ನ ಕೇಳಿಕೆ ಸ್ಪಷ್ಟವಾಗಿದೆ. ಇಷ್ಟು ದೊಡ್ಡ ರಸ್ತೆಯ ಬದಿಯಲ್ಲಿ ಬದುಕುವ ಜನಕ್ಕೆ, ಹೋಬಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಕೆಲವು ದಿನವಾದರೂ ಕೂರುವ ಒಬ್ಬ ಫಿಸಿಯೋಥೆರಪಿಸ್ಟ್ ಬೇಕು. ಒಂದು ಟೇಬಲ್ಲು, ಎರಡು ಕಂಬಿ, ಒಂದು ಗೋನಿಯೋಮೀಟರ್, ಮರಳು ತುಂಬಿದ ನಾಲ್ಕು ಚೀಲ ಇದ್ದರೆ ಕೆಲಸ ಶುರುವಾಗುತ್ತದೆ. ಅಪಘಾತ ಪರಿಹಾರದ ಯೋಜನೆಗಳ ಲೆಕ್ಕದಲ್ಲಿ ಆಪರೇಷನ್ನಿನ ಪಕ್ಕದಲ್ಲೇ ಈ ಚಿಕಿತ್ಸೆಯೂ ಕೂರಬೇಕು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ರೋಗಿಗೂ ಮನೆಯ ಒಬ್ಬರಿಗೂ ವ್ಯಾಯಾಮ ಮಾಡಿ ತೋರಿಸಿ, ಅವರ ಕೈಯಲ್ಲಿ ಮಾಡಿಸಿ ನೋಡಿಯೇ ಕಳಿಸಬೇಕು. ಮನೆಯವರಲ್ಲಿ ನನ್ನ ಬೇಡಿಕೆ ಇಷ್ಟೇ: ವೈದ್ಯರು ಆಡಿಸಿ ಎಂದ ಮೇಲೆ ಪ್ರೀತಿಯಿಂದ ಮಲಗಿಸಬೇಡಿ.

ಸುಶ್ರುತನ ಕಾಲದ ಮಣ್ಣಿನ ಉಂಡೆಯಿಂದ ವೇಲೂರಿನ ಗಾಲಿಕುರ್ಚಿಯವರೆಗೆ ಈ ನೆಲ ಕಲಿತುಕೊಂಡು ಬಂದ ವಿದ್ಯೆ ಇದು. ಪುತ್ತೂರಿಗೋ ವೇಲೂರಿಗೋ ಬೆಂಗಳೂರಿಗೋ ಹೋಗಿ ಮೂಳೆ ಕೂಡಿಸಿಕೊಂಡು ಬಂದವರಿಗೆ ಅದರ ಉಳಿದರ್ಧ ಪೆರೇಸಂದ್ರದಲ್ಲೇ ಸಿಗಬೇಕು. ನನಗೆ ಅದು ಸಿಕ್ಕಿದ್ದು ಸಂಬಳದ ರಜೆ ಇತ್ತು, ಕರೆದುಕೊಂಡು ಹೋಗುವ ಮಗನಿದ್ದ ಎಂಬ ಕಾರಣಕ್ಕೆ. ಅವೆರಡೂ ಇಲ್ಲದವರಿಗೂ ಮಂಡಿ ಮಡಚಿ ನೆಲದ ಮೇಲೆ ಕೂತು ಉಣ್ಣುವ ಹಕ್ಕು ನನ್ನಷ್ಟೇ ಇದೆ.